ನೆರಳು ‘ನೀವು ಎನ್ನಿ’ ಎಂದ ದಿನ: ಆಂಡರ್ಸನ್ನನ ಒಂದು ಕರಾಳ ಕಥೆಯ ಬಗ್ಗೆ

ಪ್ರಶ್ನೆ: ರಾತ್ರಿ ಮಲಗುವ ಮುನ್ನ ಮಗಳಿಗೆ ಡೆನ್ಮಾರ್ಕಿನ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನ ಕಥೆಗಳನ್ನು ಓದಿ ಹೇಳುವುದು ನಮ್ಮ ಮನೆಯ ರೂಢಿ. ಈಚೆಗೆ ಒಂದು ಇಂಗ್ಲಿಷ್ ಸಂಕಲನದಲ್ಲಿ ‘ದಿ ಶ್ಯಾಡೊ’ ಎಂಬ ಕಥೆ ಸಿಕ್ಕಿತು. ಕೊನೆಯಲ್ಲಿ ಒಳ್ಳೆಯವನು ಸಾಯುತ್ತಾನೆ, ಅವನ ನೆರಳು ರಾಜಕುಮಾರಿಯನ್ನು ಮದುವೆಯಾಗುತ್ತದೆ. ಒಂಬತ್ತು ವರ್ಷದ ಮಗಳು ‘ಇನ್ನೊಂದು ಪುಟ ಇರಬೇಕು, ಸರಿಯಾಗಿ ನೋಡಮ್ಮ’ ಎಂದಳು. ನಮ್ಮ ಪುಸ್ತಕದಲ್ಲಿ ಪುಟ ಬಿಟ್ಟುಹೋಗಿದೆಯೇ? ಇದು ನಿಜಕ್ಕೂ ಮಕ್ಕಳಿಗಾಗಿ ಬರೆದದ್ದೇ? ಯಾವಾಗ, ಹೇಗೆ ಪ್ರಕಟವಾಯಿತು? ಕಥೆಯ ನಡುವೆ ಇಬ್ಬರೂ ಒಬ್ಬರನ್ನೊಬ್ಬರು ಹೇಗೆ ಮಾತನಾಡಿಸಬೇಕು ಎಂದು ಚರ್ಚೆ ಮಾಡುತ್ತಾರೆ, ಅದಂತೂ ನನಗೆ ತಲೆಬುಡ ತಿಳಿಯಲಿಲ್ಲ. — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಪುಟ ಬಿಟ್ಟುಹೋಗಿಲ್ಲ. ಕಥೆ ಮುಗಿಯುವುದೇ ಹಾಗೆ. ನಿಮ್ಮ ಮಗಳಿಗೆ ಆದ ಆಘಾತ ಅನೇಕ ದೊಡ್ಡವರಿಗೂ ಆಗಿದೆ. ಆದರೆ ನಿಮ್ಮ ಪತ್ರದ ಕೊನೆಯ ಸಾಲನ್ನೇ ನಾನು ಮೊದಲು ಕೈಗೆತ್ತಿಕೊಳ್ಳುತ್ತೇನೆ. ನಿಮಗೆ ತಿಳಿಯದೇ ಹೋದ ಆ ಚರ್ಚೆಯೇ ಈ ಕಥೆಯ ಬೆನ್ನೆಲುಬು. ತಿಳಿಯದಿದ್ದದ್ದು ನಿಮ್ಮ ತಪ್ಪಲ್ಲ, ಇಂಗ್ಲಿಷಿನ ಬಡತನ. ಇದೇ ಕಥೆಯನ್ನು ನೀವು ಕನ್ನಡದಲ್ಲಿ ಕೇಳಿದ್ದರೆ ಎರಡನೆಯ ಬಾರಿ ಯೋಚಿಸದೆ ಹಿಡಿದುಬಿಡುತ್ತಿದ್ದಿರಿ.

ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಡೇನಿಷ್ ಭಾಷೆಯಲ್ಲಿ ಇದರ ಹೆಸರು ‘ಸ್ಕುಗ್ಗೆನ್’, ಅಂದರೆ ‘ನೆರಳು’. ಚಳಿನಾಡಿನ ಒಬ್ಬ ಪಂಡಿತ ಸುಡುಬಿಸಿಲಿನ ನಾಡಿಗೆ ಬಂದಿದ್ದಾನೆ. ಹಗಲೆಲ್ಲ ಬಾಗಿಲು ಕಿಟಕಿ ಮುಚ್ಚಿ ಒಳಗೇ ಕೂರಬೇಕು. ಸೊರಗಿ ಸಣ್ಣಗಾಗುತ್ತಾನೆ, ಅವನ ನೆರಳೂ ಸಣ್ಣಗಾಗುತ್ತದೆ. ಸಂಜೆಯಾದರೆ ಬೀದಿಗೆ ಜೀವ ಬರುತ್ತದೆ. ಎದುರು ಮನೆಯ ಬಾಲ್ಕನಿಯಲ್ಲಿ ಹೂಗಿಡಗಳಿವೆ, ಒಳಗಿನಿಂದ ಸಂಗೀತ ಕೇಳುತ್ತದೆ, ಮನುಷ್ಯರು ಮಾತ್ರ ಕಾಣುವುದಿಲ್ಲ. ಒಂದು ರಾತ್ರಿ ಹೂಗಳ ನಡುವೆ ಬೆಳಕಿನಂಥ ಒಬ್ಬ ತರುಣಿ ನಿಂತಂತೆ ಕಾಣುತ್ತದೆ, ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಮಾಯ. ಮುಂದೊಂದು ಸಂಜೆ ಪಂಡಿತನ ಹಿಂದೆ ದೀಪ ಉರಿಯುತ್ತಿದ್ದಾಗ ಅವನ ನೆರಳು ಎದುರು ಬಾಲ್ಕನಿಯ ಮೇಲೆ ಬೀಳುತ್ತದೆ. ‘ಒಳಗೆ ಹೋಗಿ ನೋಡಿಕೊಂಡು ಬಾ, ಬಂದು ನನಗೆ ಹೇಳು’ ಎಂದು ಪಂಡಿತ ತಮಾಷೆ ಮಾಡುತ್ತಾನೆ. ನೆರಳು ನಿಜವಾಗಿಯೂ ಒಳಗೆ ಹೋಗುತ್ತದೆ. ಮರಳಿ ಬರುವುದಿಲ್ಲ.

ಎಂಟು ದಿನ ಕಳೆಯುವಷ್ಟರಲ್ಲಿ ಪಂಡಿತನ ಕಾಲಬುಡದಿಂದ ಹೊಸ ನೆರಳೊಂದು ಚಿಗುರುತ್ತದೆ, ಬೇರು ಉಳಿದಿತ್ತಲ್ಲ. ಅವನು ಊರಿಗೆ ಮರಳಿ ಸತ್ಯ, ಒಳಿತು, ಸೌಂದರ್ಯ ಎಂದು ಪುಸ್ತಕ ಬರೆಯುತ್ತಾ ಕುಳಿತುಕೊಳ್ಳುತ್ತಾನೆ. ವರ್ಷಗಳು ಕಳೆದ ಮೇಲೆ ಒಂದು ಸಂಜೆ ಬಾಗಿಲು ಬಡಿದ ಸದ್ದು. ಎದುರಿಗೆ ವಿಪರೀತ ತೆಳ್ಳಗಿನ ಒಬ್ಬ ಗಣ್ಯ ವ್ಯಕ್ತಿ: ಒಳ್ಳೆಯ ಕಪ್ಪು ಬಟ್ಟೆ, ಹೊಳೆಯುವ ಬೂಟು, ಚಿನ್ನದ ಸರ, ವಜ್ರದುಂಗುರ. ಹಳೆಯ ನೆರಳು! ಅದು ಆ ಎದುರು ಮನೆಯ ಹಜಾರದಲ್ಲಿ ಮೂರು ವಾರ ಇತ್ತಂತೆ. ಅಲ್ಲಿ ವಾಸವಾಗಿದ್ದವಳು ಸಾಕ್ಷಾತ್ ಕಾವ್ಯ. ನೆರಳು ಒಳಮನೆಗೆ ಕಾಲಿಡಲಿಲ್ಲ, ಹೊರಕೋಣೆಯಿಂದಲೇ ಎಲ್ಲವನ್ನೂ ಕಂಡೆ ಎನ್ನುತ್ತದೆ. ಆಮೇಲೆ ತಿಂಡಿ ಮಾರುವ ಹೆಂಗಸಿನ ಲಂಗದ ಮರೆಯಲ್ಲಿ ಅಡಗಿ, ಬೆಳದಿಂಗಳಿನಲ್ಲಿ ಗೋಡೆ ಹತ್ತಿ, ಯಾರೂ ಇಣುಕದ ಕಿಟಕಿಗಳಲ್ಲಿ ಇಣುಕಿ, ದೊಡ್ಡವರ ಮನೆಯ ಕೊಳಕನ್ನೆಲ್ಲ ನೋಡಿದೆ. ಅದನ್ನು ಪತ್ರಿಕೆಗೆ ಬರೆಯಲಿಲ್ಲ. ಆಯಾ ವ್ಯಕ್ತಿಗಳಿಗೇ ಬರೆಯಿತು. ಹೆದರಿಕೊಂಡ ಪ್ರಾಧ್ಯಾಪಕರು ಅದನ್ನು ಪ್ರಾಧ್ಯಾಪಕನನ್ನಾಗಿ ಮಾಡಿದರು, ದರ್ಜಿಗಳು ಬಟ್ಟೆ ಹೊಲಿದುಕೊಟ್ಟರು, ಟಂಕಸಾಲೆಯವನು ನಾಣ್ಯ ಹೊಡೆದುಕೊಟ್ಟ. ಬ್ಲ್ಯಾಕ್‌ಮೇಲ್ ಎಂಬುದನ್ನು ಇಷ್ಟು ಮುದ್ದಾಗಿ ಹೇಳಿದ ಇನ್ನೊಂದು ಕಿನ್ನರಕಥೆ ನನಗೆ ಗೊತ್ತಿಲ್ಲ.

ಮಾತನಾಡುತ್ತಾ ನೆರಳು ತನ್ನ ಬೂಟುಗಾಲನ್ನು ಪಂಡಿತನ ಹೊಸ ನೆರಳಿನ ತೋಳಿನ ಮೇಲೆ ಒತ್ತಿ ಇಡುತ್ತದೆ. ಆ ಹೊಸ ನೆರಳು ಸಾಕುನಾಯಿಯ ಹಾಗೆ ಕಾಲಬುಡದಲ್ಲಿ ಮಲಗಿ, ಬಿಡುಗಡೆ ಹೇಗೆ ಎಂದು ಕಿವಿಗೊಟ್ಟು ಕೇಳುತ್ತಿದೆ. ಒಂದೇ ವಾಕ್ಯದ ಚಿತ್ರ. ಕಥೆಯ ಉಳಿದ ಭಾಗವೆಲ್ಲ ಆ ಬೂಟಿನ ಕೆಳಗಿದೆ.

ಈಗ ಸಂಬೋಧನೆಯ ವಿಷಯ. ಡೇನಿಷ್‌ನಲ್ಲಿ ನಮ್ಮ ‘ನೀನು’ ಇದ್ದಂತೆ ‘ಡು’ ಇದೆ, ‘ನೀವು’ ಇದ್ದಂತೆ ‘ಡೀ’ ಇದೆ. ಆ ಸಂಜೆ ಹಳೆಯ ನೆರಳನ್ನು ಗುರುತಿಸಿದ ಪಂಡಿತ ಸಹಜವಾಗಿ ‘ನೀನಾ!’ ಎಂದುಬಿಡುತ್ತಾನೆ. ನೆರಳಾದರೋ ಅವನಿಗೆ ‘ನೀವು’ ಎನ್ನುತ್ತಿದೆ, ಹಳೆಯ ಒಡೆಯನಲ್ಲವೇ. ಸ್ವಲ್ಪ ಹೊತ್ತಿನ ಮೇಲೆ ಅದು ಬಹಳ ವಿನಯದಿಂದ ಒಂದು ಕೋರಿಕೆ ಇಡುತ್ತದೆ: ಇದು ಅಹಂಕಾರವಲ್ಲ, ಆದರೆ ಈಗ ನಾನು ಸ್ವತಂತ್ರ, ಜ್ಞಾನವಿದೆ, ಒಳ್ಳೆಯ ಸ್ಥಿತಿಯಲ್ಲಿದ್ದೇನೆ, ನೀವು ನನಗೆ ‘ನೀವು’ ಎಂದರೆ ಚೆನ್ನಾಗಿತ್ತು. ಪಂಡಿತ ತಕ್ಷಣ ಕ್ಷಮೆ ಕೇಳುತ್ತಾನೆ, ‘ಹಳೆಯ ಅಭ್ಯಾಸ, ನಾಲಿಗೆಗೆ ಅಂಟಿಕೊಂಡಿದೆ’ ಎನ್ನುತ್ತಾನೆ. ಇದು ಮೊದಲ ಮೆಟ್ಟಿಲು.

ಎರಡನೆಯದು ಪ್ರಯಾಣದಲ್ಲಿ. ಪಂಡಿತನ ಪುಸ್ತಕಗಳನ್ನು ಯಾರೂ ಕೇಳುವುದಿಲ್ಲ, ಅವನು ಕಾಯಿಲೆ ಬಿದ್ದಿದ್ದಾನೆ, ‘ನೀವು ನೆರಳಿನಂತೆ ಕಾಣುತ್ತೀರಿ’ ಎಂದು ಜನ ಅವನ ಮುಖಕ್ಕೇ ಹೇಳುತ್ತಿದ್ದಾರೆ. ಖರ್ಚೆಲ್ಲ ನನ್ನದು, ಆದರೆ ನನ್ನ ನೆರಳಾಗಿ ಬರಬೇಕು ಎಂಬ ಷರತ್ತಿನ ಮೇಲೆ ನೆರಳು ಅವನನ್ನು ಆರೋಗ್ಯಸ್ನಾನದ ಊರಿಗೆ ಕರೆದೊಯ್ಯುತ್ತದೆ. ದಾರಿಯಲ್ಲಿ ಪಂಡಿತ, ಒಳ್ಳೆಯ ಮನಸ್ಸಿನವನು, ‘ಬಾಲ್ಯದಿಂದ ಜೊತೆಗಿದ್ದವರು ನಾವು, ಈಗ ಒಟ್ಟಿಗೆ ಪ್ರಯಾಣ ಬೇರೆ, ಇಬ್ಬರೂ ನೀನು ಎನ್ನೋಣವೇ?’ ಎಂದು ಕೇಳುತ್ತಾನೆ. ನೆರಳಿನ ಉತ್ತರ ಬಹಳ ನಾಜೂಕು. ಕೆಲವರಿಗೆ ಬೂದುಬಣ್ಣದ ಕಾಗದ ಮುಟ್ಟಿದರೆ ಹೊಟ್ಟೆ ತೊಳಸುತ್ತದೆ, ಕೆಲವರಿಗೆ ಗಾಜಿನ ಮೇಲೆ ಮೊಳೆ ಗೀಚಿದರೆ ಮೈ ಜುಮ್ಮೆನ್ನುತ್ತದೆ, ನೀವು ನನಗೆ ‘ನೀನು’ ಎಂದರೆ ನನಗೂ ಹಾಗೆಯೇ ಆಗುತ್ತದೆ, ಮತ್ತೆ ನೆಲಕ್ಕೆ ಒತ್ತಿದಂತೆ ಅನಿಸುತ್ತದೆ. ನಿಮ್ಮಿಂದ ‘ನೀನು’ ಅನ್ನಿಸಿಕೊಳ್ಳಲಾರೆ, ಆದರೆ ನಾನು ನಿಮಗೆ ಸಂತೋಷವಾಗಿ ‘ನೀನು’ ಎನ್ನುತ್ತೇನೆ, ಅರ್ಧ ಆಸೆಯಾದರೂ ನೆರವೇರಲಿ! ಅಂದಿನಿಂದ ನೆರಳು ಪಂಡಿತನಿಗೆ ‘ನೀನು’, ಪಂಡಿತ ನೆರಳಿಗೆ ‘ನೀವು’.

ಇಷ್ಟು ಸಾಕು. ಇಲ್ಲಿಂದ ಮುಂದೆ ನಡೆಯುವ ಕೊಲೆ ಬರೀ ವಿಧಿವಿಧಾನ.

ದೇವರಿಗೆ ‘ನೀನು’, ತಾಯಿಗೆ ‘ನೀನು’, ತಹಸೀಲ್ದಾರರಿಗೆ ‘ತಾವು’ ಎನ್ನುವ ಭಾಷೆ ನಮ್ಮದು. ಜೊತೆಯಲ್ಲಿ ಓದಿದ ಗೆಳೆಯ ಮೇಲಧಿಕಾರಿಯಾಗಿ ಬಂದ ಬೆಳಿಗ್ಗೆ ಬಾಯಿಗೆ ಬಂದ ‘ನೀನು’ ಗಂಟಲಲ್ಲೇ ತಿರುವು ತೆಗೆದುಕೊಂಡು ‘ನೀವು’ ಆಗುವುದನ್ನು ಯಾರು ಅನುಭವಿಸಿಲ್ಲ? ಒಬ್ಬ ಎಳೆಯ ಯಜಮಾನ ಅರವತ್ತು ದಾಟಿದ ಆಳಿಗೆ ‘ನೀನು’ ಎನ್ನುವಾಗ ಆ ಒಂದು ಅಕ್ಷರದಲ್ಲಿ ಏನೇನು ತುಂಬಿದೆ ಎಂದು ನಮಗೆ ಯಾರೂ ಟಿಪ್ಪಣಿ ಬರೆದು ಹೇಳಬೇಕಿಲ್ಲ. ಇಂಗ್ಲಿಷ್ ಅನುವಾದಕನಿಗೆ ಟಿಪ್ಪಣಿ ಬರೆಯದೆ ಗತ್ಯಂತರವಿರಲಿಲ್ಲ. ಮೊದಲ ಇಂಗ್ಲಿಷ್ ಅನುವಾದಕ್ಕೆ ಈ ಜಾಗದಲ್ಲಿ ಒಂದು ಉದ್ದದ ಅಡಿಟಿಪ್ಪಣಿಯೇ ಇದೆ: ಡೆನ್ಮಾರ್ಕಿನಲ್ಲಿ ಸ್ನೇಹ ಕುದುರಿದಾಗ ಲೋಟಕ್ಕೆ ಲೋಟ ತಾಗಿಸಿ ಕುಡಿದು ಅಂದಿನಿಂದ ‘ನೀನು’ ಎನ್ನುವ ಪದ್ಧತಿಯಿದೆ, ಯಜಮಾನ ಆಳಿಗೆ ಹೀಗೆ ಎನ್ನುತ್ತಾನೆ, ಆಳು ಯಜಮಾನನಿಗೆ ಎನ್ನುವಂತಿಲ್ಲ, ಇತ್ಯಾದಿ. ವಿಚಿತ್ರವೆಂದರೆ ಇಂದಿನ ಡೇನಿಷ್ ಓದುಗರಿಗೂ ಇದರ ಚುರುಕು ಸ್ವಲ್ಪ ಕಡಿಮೆಯೇ ಮುಟ್ಟುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ‘ಡೀ’ ಬಳಕೆ ಬಹುಮಟ್ಟಿಗೆ ಕಳಚಿಬಿತ್ತು, ಈಗ ಎಲ್ಲರೂ ಎಲ್ಲರಿಗೂ ‘ಡು’. ಹಾಗೆ ನೋಡಿದರೆ ಈ ಕಥೆಗೆ ಬೇಕಾದ ಕಿವಿ ಕೋಪನ್‌ಹೇಗನ್ನಿನ ಮಗುವಿಗಿಂತ ಶಿವಮೊಗ್ಗದ ಮಗುವಿಗೆ ಹೆಚ್ಚಾಗಿ ಇದೆ.

ಬೂದು ಕಾಗದದ ಆ ಹೋಲಿಕೆ ಆಂಡರ್ಸನ್ನನ ಸ್ವಂತದ್ದಲ್ಲ ಎಂಬುದು ಇನ್ನೂ ಕುತೂಹಲದ ಸಂಗತಿ. ಅದಕ್ಕೆ 1831ಕ್ಕೆ ಹೋಗಬೇಕು.

ಆಂಡರ್ಸನ್ 1805ರ ಏಪ್ರಿಲ್ 2ರಂದು ಓಡೆನ್ಸೆ ಪಟ್ಟಣದಲ್ಲಿ ಹುಟ್ಟಿದ. ತಂದೆ ಚಮ್ಮಾರ, ತಾಯಿ ಬೇರೆಯವರ ಬಟ್ಟೆ ಒಗೆದು ಬದುಕಿದವಳು. 1819ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಒಬ್ಬನೇ ಕೋಪನ್‌ಹೇಗನ್ನಿಗೆ ಬಂದ. (ನಾನು ಅವನನ್ನು ‘ಅವನು’ ಎನ್ನುತ್ತಿರುವುದು ಪಂಪನನ್ನೂ ಕಾಳಿದಾಸನನ್ನೂ ‘ಅವನು’ ಎನ್ನುವ ನಮ್ಮ ರೂಢಿಯಂತೆ, ಈ ಲೇಖನದಲ್ಲಿ ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಸರಿಯಾಗುವುದಿಲ್ಲ.) ರಾಜರಂಗಮಂದಿರದ ನಿರ್ದೇಶಕರಲ್ಲೊಬ್ಬನಾದ ಯೋನಾಸ್ ಕೊಲಿನ್ ಅವನ ಕೈಹಿಡಿದು ಓದಿಗೆ ವ್ಯವಸ್ಥೆ ಮಾಡಿಸಿದ. ಕೊಲಿನ್ ಮನೆಯೇ ಆಂಡರ್ಸನ್ನನಿಗೆ ಮನೆಯಾಯಿತು. ಆ ಮನೆಯ ಮಗ ಎಡ್ವರ್ಡ್ ಕೊಲಿನ್ ಆಂಡರ್ಸನ್ನನಿಗಿಂತ ಮೂರು ವರ್ಷ ಚಿಕ್ಕವನು. ಆಂಡರ್ಸನ್ನನಿಗೆ ಅವನ ಮೇಲೆ ಇದ್ದ ಪ್ರೀತಿ ಸಾಧಾರಣದ್ದಲ್ಲ. ಪತ್ರಗಳಲ್ಲಿ ಅದು ಉಕ್ಕಿ ಹರಿಯುತ್ತದೆ.

1831ರ ಮೇ ತಿಂಗಳಿನಲ್ಲಿ ಆಂಡರ್ಸನ್ ಮೊದಲ ಬಾರಿಗೆ ವಿದೇಶಕ್ಕೆ, ಜರ್ಮನಿಗೆ, ಹೊರಟ. ದಾರಿಯಿಂದಲೇ ಎಡ್ವರ್ಡನಿಗೆ ಪತ್ರ ಬರೆದು ‘ನಾವು ನೀನು ಎಂದು ಮಾತನಾಡಿಸೋಣ’ ಎಂದು ಬೇಡಿಕೊಂಡ. ಎಡ್ವರ್ಡ್ ಆ ತಿಂಗಳ 28ರ ಪತ್ರದಲ್ಲಿ ಒಲ್ಲೆ ಎಂದ. ಸಭ್ಯವಾಗಿ, ದೀರ್ಘವಾಗಿ, ಕಾರಣಸಹಿತವಾಗಿ. ಬಹಳ ಕಾಲದಿಂದ ಗೌರವಿಸಿಕೊಂಡು ಬಂದ ಒಬ್ಬರು ‘ನೀನು’ ಎನ್ನೋಣ ಎಂದಾಗ ತನ್ನೊಳಗೆ ಹೇಳಲಾಗದ ಒಂದು ಅಸಹ್ಯಭಾವ ಹುಟ್ಟುತ್ತದೆ ಎಂದ. ಅದನ್ನು ವಿವರಿಸಲು ಅವನು ಕೊಟ್ಟ ಉದಾಹರಣೆ, ತನಗೆ ಗೊತ್ತಿದ್ದ ಒಬ್ಬ ಹೆಂಗಸಿಗೆ ಬೂದುಬಣ್ಣದ ಕಾಗದ ಕಂಡರೆ ವಾಂತಿಯಾಗುತ್ತಿತ್ತು ಎಂಬುದು. ಆ ಕಾಗದ ಆಂಡರ್ಸನ್ನನ ಮನಸ್ಸಿನಲ್ಲಿ ಹದಿನೈದು ವರ್ಷ ಮಡಿಸಿಟ್ಟಂತೆ ಇತ್ತು. ಅವರಿಬ್ಬರೂ ಕೊನೆಯವರೆಗೆ ‘ನೀವು’ ಎಂದೇ ಉಳಿದರು.

ಅದೇ 1831ರ ಪ್ರಯಾಣದಲ್ಲಿ, ಬರ್ಲಿನ್ನಿನಲ್ಲಿ, ಆಂಡರ್ಸನ್ ಇನ್ನೊಬ್ಬನನ್ನು ಕಂಡ: ಆಡೆಲ್ಬರ್ಟ್ ಫಾನ್ ಶಮಿಸೊ. ಕವಿ, ಸಸ್ಯವಿಜ್ಞಾನಿ, ಮುಂದೆ ಆಂಡರ್ಸನ್ನನ ಕವಿತೆಗಳನ್ನು ಜರ್ಮನ್ನಿಗೆ ತಂದವನು. ಅವನ ಹೆಸರು ಯುರೋಪಿನಲ್ಲೆಲ್ಲ ಹರಡಿದ್ದು 1814ರ ‘ಪೀಟರ್ ಶ್ಲೆಮಿಲ್’ ಕಥೆಯಿಂದ, ತನ್ನ ನೆರಳನ್ನು ಸೈತಾನನಿಗೆ ಮಾರಿಕೊಂಡವನ ಕಥೆ. ಹಾಗಾದರೆ ಆಂಡರ್ಸನ್ ಕದ್ದನೇ? ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕಳ್ಳತನದ ಆರೋಪಕ್ಕೆ ಉತ್ತರ ಕಥೆಯೊಳಗೇ ಇದೆ. ನೆರಳು ಕಳೆದುಕೊಂಡ ಬೆಳಿಗ್ಗೆ ಪಂಡಿತನಿಗೆ ಬೇಸರವಾಗುವುದು ನೆರಳು ಹೋಯಿತೆಂದಲ್ಲ. ನೆರಳಿಲ್ಲದ ಮನುಷ್ಯನ ಕಥೆ ಊರಿನಲ್ಲಿ ಎಲ್ಲರಿಗೂ ಗೊತ್ತಿದೆ, ತಾನು ಹೋಗಿ ಹೇಳಿದರೆ ನಕಲು ಮಾಡುತ್ತಿದ್ದಾನೆ ಎನ್ನುತ್ತಾರೆ ಎಂದು. ಋಣವನ್ನು ಒಪ್ಪಿಕೊಂಡು, ನಕ್ಕು, ಮುಂದೆ ಹೋಗುವ ಈ ರೀತಿ ನನಗೆ ಬಹಳ ಇಷ್ಟ. ಶಮಿಸೊ ನೆರಳಿಲ್ಲದ ಮನುಷ್ಯನ ಹಿಂದೆ ಹೋದ, ಆಂಡರ್ಸನ್ ಮನುಷ್ಯನಿಲ್ಲದ ನೆರಳಿನ ಹಿಂದೆ ಹೋದ.

ಒಂದೇ ಪ್ರಯಾಣದಲ್ಲಿ ಬಿದ್ದ ಈ ಎರಡು ಬೀಜಗಳು ಮೊಳೆತದ್ದು 1846ರ ಬೇಸಿಗೆಯಲ್ಲಿ, ಇಟಲಿಯ ನೇಪಲ್ಸ್‌ನಲ್ಲಿ. ಆಗ ಆಂಡರ್ಸನ್ ಹೆಸರುವಾಸಿ. ಆ ವರ್ಷದ ಜನವರಿಯಲ್ಲಷ್ಟೇ ಪ್ರಷ್ಯಾದ ದೊರೆ ಅವನಿಗೆ ‘ಕೆಂಪು ಹದ್ದು’ ಪದಕ ಕೊಟ್ಟಿದ್ದ. ನೇಪಲ್ಸ್‌ನ ಸೆಕೆ ಅವನನ್ನು ಕೋಣೆಯೊಳಗೆ ಕೂಡಿಹಾಕಿತು, ಕಥೆಯ ಆರಂಭದ ಪಂಡಿತನ ಹಾಗೆಯೇ. ಆ ದಿನಗಳಲ್ಲಿ ಅವನ ಮುಖ್ಯ ಕೆಲಸ ಆತ್ಮಕಥೆ ಬರೆಯುವುದು. ಲೈಪ್‌ಜಿಗ್‌ನ ಪ್ರಕಾಶಕ ಲೋರ್ಕ್ ಅವನ ಸಮಗ್ರ ಕೃತಿಗಳನ್ನು ಜರ್ಮನ್ನಿನಲ್ಲಿ ತರುತ್ತಿದ್ದ, ಅದರ ತಲೆಗೆ ಜೀವನಚರಿತ್ರೆ ಬೇಕಿತ್ತು. ತನ್ನ ಬದುಕೇ ಒಂದು ಸುಂದರ ಕಿನ್ನರಕಥೆ, ದೇವರು ಎಲ್ಲವನ್ನೂ ಒಳ್ಳೆಯದಕ್ಕೇ ನಡೆಸಿದ ಎಂಬ ರಾಗದಲ್ಲಿ ಆ ಪುಸ್ತಕ ಸಾಗುತ್ತದೆ. ಬರೆದ ಹಾಳೆಗಳು ಕಂತುಕಂತಾಗಿ ಕೋಪನ್‌ಹೇಗನ್ನಿಗೆ ಹೋಗುತ್ತಿದ್ದವು. ಅವುಗಳನ್ನು ಅಂದವಾಗಿ ನಕಲು ಮಾಡಿ ಜರ್ಮನಿಗೆ ಕಳಿಸುತ್ತಿದ್ದವನು ಯಾರು? ಎಡ್ವರ್ಡ್ ಕೊಲಿನ್.

ಜೂನ್ 9ರ ದಿನಚರಿಯಲ್ಲಿ ಆಂಡರ್ಸನ್ ಬರೆದುಕೊಂಡಿದ್ದಾನೆ, ಸಂಜೆ ‘ನನ್ನ ನೆರಳಿನ ಕಥೆ’ಯ ಕೆಲಸ ಮಾಡಿದೆ ಎಂದು. ‘ನನ್ನ’ ಎಂಬ ಪದವನ್ನು ಗಮನಿಸಿ. ಹಗಲು ಬದುಕಿನ ಬೆಳಕಿನ ಮುಖ, ಸಂಜೆ ಅದರ ನೆರಳು. ಒಂದೇ ಮೇಜು, ಒಂದೇ ಲೇಖನಿ.

ಇಲ್ಲಿ ಒಂದು ಸುಲಭದ ಓದು ಎಲ್ಲೆಡೆ ಹರಿದಾಡುತ್ತಿದೆ: ನೆರಳು ಎಂದರೆ ಎಡ್ವರ್ಡ್, ಪಂಡಿತ ಎಂದರೆ ಆಂಡರ್ಸನ್, ಇದು ಹಳೆಯ ಅವಮಾನದ ಸೇಡು. ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ‘ನೀನು’ ಎನ್ನಲಾರೆ ಎಂದ ಎಡ್ವರ್ಡ್ ಮೇಲಿನ ಮೆಟ್ಟಿಲಿನವನು. ಕಥೆಯಲ್ಲಿ ಅದೇ ಮಾತು ಕೆಳಗಿನಿಂದ ಹತ್ತಿಬಂದವನ ಬಾಯಲ್ಲಿದೆ. ಕೆಳಗಿನಿಂದ ಹತ್ತಿಬಂದವನು ಯಾರು? ದೊಡ್ಡವರ ಮನೆಯ ಹಜಾರದಲ್ಲಿ ನಿಂತು ಒಳಮನೆಯನ್ನು ನೋಡಿದವನು, ಬೇರೆಯವರು ಹೊಲಿಸಿಕೊಟ್ಟ ಬಟ್ಟೆಯಲ್ಲಿ ಗಣ್ಯನಾದವನು, ಎದೆಯ ಮೇಲೆ ಪದಕ ತೂಗುಹಾಕಿಕೊಂಡು ರಾಜಕುಮಾರಿಯರ ಜೊತೆ ಮಾತನಾಡುವವನು, ಯಾರಾದರೂ ‘ನೀನು’ ಎಂದರೆ ಮತ್ತೆ ನೆಲಕ್ಕೆ ಒತ್ತಿದಂತಾಗುತ್ತದೆ ಎಂದು ಹೆದರುವವನು. ಎಡ್ವರ್ಡನ ಮಾತನ್ನು ತೆಗೆದು ಆಂಡರ್ಸನ್ ತನ್ನ ನೆರಳಿನ ಬಾಯಿಗೇ ಇಟ್ಟ. ಬರೀ ಸೇಡಾಗಿದ್ದರೆ ಈ ಕಥೆ ಇಷ್ಟು ಕಾಲ ಬಾಳುತ್ತಿರಲಿಲ್ಲ. ತಾನು ಏನಾಗಿಬಿಡಬಹುದು ಎಂಬ ಭಯ ಇದರಲ್ಲಿದೆ.

ಈಗ ಪ್ರಕಟಣೆಯ ವಿವರ. ಕಥೆ ಪೂರ್ಣಗೊಂಡು ಅಚ್ಚಾಗಿ ಹೊರಬಂದದ್ದು 1847ರ ಏಪ್ರಿಲ್ 6ರಂದು, ಕೋಪನ್‌ಹೇಗನ್ನಿನ ಸಿ.ಎ. ರೈಟ್ಸೆಲ್ ಪ್ರಕಾಶನದಿಂದ, ‘ಹೊಸ ಕಥೆಗಳು’ ಮಾಲೆಯ ಎರಡನೆಯ ಸಂಪುಟದ ಮೊದಲ ಕಂತಿನಲ್ಲಿ. ಅದೊಂದು ತೆಳು ಪುಸ್ತಿಕೆ, ಐದೇ ಕಥೆ. ಜೊತೆಗಿದ್ದವು ಹಳೆಯ ಬೀದಿದೀಪದ ಕಥೆ, ಅಕ್ಕಪಕ್ಕದ ಸಂಸಾರಗಳ ಕಥೆ, ರಫು ಮಾಡುವ ಸೂಜಿಯ ಕಥೆ, ಪುಟ್ಟ ಟುಕ್ ಎಂಬ ಹುಡುಗನ ಕಥೆ. ದೀಪ, ಗುಬ್ಬಿ, ಸೂಜಿ, ಪಾಠ ಓದುವ ಹುಡುಗ, ಕೊನೆಗೆ ಒಂದು ಕೊಲೆ. ನಿಮ್ಮ ಮನೆಯಲ್ಲಿ ಮಲಗುವ ಹೊತ್ತಿನಲ್ಲಿ ನಡೆದದ್ದು ಆ ಪುಸ್ತಿಕೆ ಕೊಂಡ ಎಷ್ಟೋ ಡೇನಿಷ್ ಮನೆಗಳಲ್ಲೂ ನಡೆದಿರಬೇಕು.

ಇದು ಮಕ್ಕಳಿಗಾಗಿ ಬರೆದದ್ದೇ ಎಂಬ ಪ್ರಶ್ನೆಗೆ ಉತ್ತರ ಆ ಮಾಲೆಯ ಹೆಸರಿನಲ್ಲೇ ಇದೆ. ಆಂಡರ್ಸನ್ನನ ಮೊದಲ ಪುಸ್ತಿಕೆ 1835ರ ಮೇ 8ರಂದು ಬಂದಾಗ ಅದರ ಹೆಸರು ‘ಮಕ್ಕಳಿಗೆ ಹೇಳಿದ ಕಥೆಗಳು’. ‘ಪುಟ್ಟ ಮತ್ಸ್ಯಕನ್ಯೆ’ಯೂ ‘ಚಕ್ರವರ್ತಿಯ ಹೊಸ ಬಟ್ಟೆ’ಯೂ 1837ರಲ್ಲಿ ಅದೇ ಹೆಸರಿನಡಿ ಬಂದವು. 1843ರ ನವೆಂಬರಿನಲ್ಲಿ ‘ಕುರೂಪಿ ಬಾತುಮರಿ’ಯನ್ನೂ ‘ಕೋಗಿಲೆ’ ಎಂದು ನಮ್ಮಲ್ಲಿ ಕೆಲವರು ಕರೆಯುವ ನೈಟಿಂಗೇಲ್ ಕಥೆಯನ್ನೂ ಒಳಗೊಂಡ ಪುಸ್ತಿಕೆ ಬಂದಾಗ ‘ಮಕ್ಕಳಿಗೆ ಹೇಳಿದ’ ಎಂಬುದು ಹೊದಿಕೆಯಿಂದ ಮಾಯವಾಗಿತ್ತು. ಬರೀ ‘ಹೊಸ ಕಥೆಗಳು’. ಹಾಗೆ ಮಾಡಿದ್ದು ಬೇಕೆಂದೇ. ದೊಡ್ಡವರಿಗೆ ಹೊಂದುವ ಒಂದು ಯೋಚನೆ ಹಿಡಿದು ಅದನ್ನು ಚಿಕ್ಕವರಿಗೆ ಹೇಳುತ್ತೇನೆ, ಪಕ್ಕದಲ್ಲಿ ಅಪ್ಪ ಅಮ್ಮಂದಿರೂ ಕೂತು ಕೇಳುತ್ತಿರುತ್ತಾರೆ, ಅವರಿಗೂ ಏನಾದರೂ ಬೇಕಲ್ಲ ಎಂದು ಆ ದಿನಗಳಲ್ಲಿ ಗೆಳೆಯ ಇಂಗೆಮನ್ನನಿಗೆ ಬರೆದಿದ್ದ. ‘ನೆರಳು’ ಈ ಲೆಕ್ಕವನ್ನೂ ಮೀರಿತು. ಅದರಲ್ಲಿ ಅಪ್ಪ ಅಮ್ಮಂದಿರ ಪಾಲೇ ಎಲ್ಲ. ಮಗುವಿನ ಪಾಲಿಗೆ ಬರುವುದು ನೆರಳು ನಡೆದುಹೋಗುವ ಆ ಒಂದು ಬೆರಗು ಮಾತ್ರ.

ಹಾಗಿದ್ದೂ ಅದು ಮಕ್ಕಳ ಕಪಾಟಿಗೆ ಹೇಗೆ ಬಂತು? ಕಟ್ಟು ಕಟ್ಟಿದವರಿಂದ ಎನ್ನಬೇಕು. 1849ರ ಕೊನೆಯಲ್ಲಿ ಅದುವರೆಗಿನ ಕಥೆಗಳನ್ನೆಲ್ಲ ಒಂದೇ ಸಂಪುಟದಲ್ಲಿ ಕೂಡಿಸಿ, ವಿಲ್‌ಹೆಲ್ಮ್ ಪೆಡರ್ಸನ್ ಎಂಬ ನೌಕಾಧಿಕಾರಿ ಬಿಡಿಸಿದ 125 ಚಿತ್ರಗಳೊಂದಿಗೆ ತಂದರು. ಚಿತ್ರಗಳು ಮುದ್ದಾಗಿದ್ದವು, ಸಂಪುಟ ಮನೆಮಾತಾಯಿತು, ಆಮೇಲೆ ಯಾವ ಕಥೆ ಯಾರಿಗೆ ಎಂದು ಬಿಡಿಸಿ ನೋಡುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ಆಂಡರ್ಸನ್ನನಿಗೆ ಈ ಹಣೆಪಟ್ಟಿ ಕಸಿವಿಸಿ ತಂದಿರಬೇಕು. 1850ರ ದಶಕದಲ್ಲಿ ತನ್ನ ಬರಹಗಳನ್ನು ‘ಕಿನ್ನರಕಥೆ’ ಎನ್ನುವುದನ್ನು ಬಿಟ್ಟು ‘ಹಿಸ್ಟೋರಿಯರ್’, ಬರೀ ಕಥೆಗಳು, ಎಂದು ಕರೆಯತೊಡಗಿದ. ಹೊಸ ಹೆಸರು ಹಳೆಯದರ ಜೊತೆ ಸೇರಿಕೊಂಡಿತು, ಹಳೆಯದನ್ನು ಹೊರಗೆ ಹಾಕಲು ಆಗಲಿಲ್ಲ.

ಇಂಗ್ಲಿಷಿನ ದಾರಿ ಬೇರೆ. 1847ರ ಬೇಸಿಗೆಯಲ್ಲಿ ಆಂಡರ್ಸನ್ ಲಂಡನ್ನಿಗೆ ಹೋಗಿದ್ದ, ಚಾರ್ಲ್ಸ್ ಡಿಕನ್ಸ್‌ನನ್ನು ಕಂಡಿದ್ದ. ಹೊರಡುವ ದಿನ ಡಿಕನ್ಸ್ ರಾಮ್ಸ್‌ಗೇಟ್ ಬಂದರಿಗೆ ಬಂದು ಬೀಳ್ಕೊಟ್ಟ. ಆ ಸಂತೋಷದಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಟ್ಲಿ ಪ್ರಕಾಶನದಿಂದ ಇಂಗ್ಲಿಷ್ ಗೆಳೆಯರಿಗೆ ಕ್ರಿಸ್ಮಸ್ ಶುಭಾಶಯ ಎಂಬ ಅರ್ಥದ ಹೆಸರಿನ ಒಂದು ಪುಟ್ಟ ಸಂಕಲನ ಬಂತು, ಅರ್ಪಣೆ ಡಿಕನ್ಸ್‌ಗೆ. ಅನುವಾದ ಚಾರ್ಲ್ಸ್ ಬೆಕ್ವಿತ್‌ನದು. ನಾನು ಮೇಲೆ ಹೇಳಿದ ಉದ್ದದ ಅಡಿಟಿಪ್ಪಣಿ ಅವನದೇ. ಅದರಲ್ಲಿದ್ದ ಹಲವು ಕಥೆಗಳು ಡೇನಿಷ್‌ನಲ್ಲಿ ಬೆಳಕು ಕಾಣುವ ಮೊದಲೇ ಇಂಗ್ಲಿಷಿನಲ್ಲಿ ಬಂದವು. ‘ನೆರಳು’ ಮಾತ್ರ ಆಗಲೇ ಡೇನಿಷ್‌ನಲ್ಲಿ ಎಂಟು ತಿಂಗಳು ಹಳೆಯದು. ಕ್ರಿಸ್ಮಸ್ ಉಡುಗೊರೆಯೊಳಗೆ ಇದನ್ನು ಇಟ್ಟ ಆಂಡರ್ಸನ್ನನ ಮನಸ್ಸನ್ನು ಯೋಚಿಸಿ ನನಗೆ ನಗು ಬರುತ್ತದೆ.

ಬೆಕ್ವಿತ್ ‘ಡು’ ಎಂಬುದಕ್ಕೆ ಬೈಬಲ್ಲಿನ ಇಂಗ್ಲಿಷಿನಲ್ಲಿ ಬರುವ ‘ದೌ’ ಎಂಬ ಸರ್ವನಾಮವನ್ನು ಹಾಕಿದ. ಪ್ರಾರ್ಥನೆಯಲ್ಲಷ್ಟೇ ಉಳಿದಿದ್ದ ಪದ ಅದು. ಗೆಳೆತನದ ಸಲಿಗೆ ಅದರಲ್ಲಿ ಎಲ್ಲಿಂದ ಬರಬೇಕು? ನಿಮ್ಮ ಸಂಕಲನದಲ್ಲೂ ಈ ಜಾಗದಲ್ಲಿ ಇಂಥದ್ದೇ ತಿಣುಕಾಟ ನಡೆದಿರುತ್ತದೆ.

ಆತ್ಮಕಥೆಯ ಗತಿ ಏನಾಯಿತು ಎಂದು ಹೇಳಿ ಈ ಎಳೆಯನ್ನು ಬಿಡುತ್ತೇನೆ. ಜರ್ಮನ್ ರೂಪ ‘ನೆರಳು’ ಬಂದ ಅದೇ 1847ರಲ್ಲೇ ಬಂತು. ಎಡ್ವರ್ಡನ ಬಳಿ ಉಳಿದಿದ್ದ ಮೂಲ ಡೇನಿಷ್ ಹಸ್ತಪ್ರತಿ ಪುಸ್ತಕವಾದದ್ದು 1942ರಲ್ಲಿ. ಎಡ್ವರ್ಡ್ ತಾನೇ 1882ರಲ್ಲಿ ಆಂಡರ್ಸನ್ ಮತ್ತು ಕೊಲಿನ್ ಮನೆತನದ ಬಗ್ಗೆ ಒಂದು ಪುಸ್ತಕ ಬರೆದ. ಆಂಡರ್ಸನ್ 1875ರ ಆಗಸ್ಟ್ 4ರಂದು ತೀರಿಕೊಂಡ. ಮುಂದೆ ಎಡ್ವರ್ಡನನ್ನೂ ಅವನ ಹೆಂಡತಿ ಹೆನ್ರಿಯೆಟ್ಟಳನ್ನೂ ಅದೇ ಸಮಾಧಿಯ ಜಾಗದಲ್ಲಿ ಹೂಳಿದರು. ಕೆಲಕಾಲದ ನಂತರ ಕೊಲಿನ್ ಕುಟುಂಬದವರು ಅವರಿಬ್ಬರನ್ನು ಅಲ್ಲಿಂದ ತೆಗೆಸಿ ಮನೆತನದ ಸ್ಮಶಾನಕ್ಕೆ ಒಯ್ದರು. ಈಗ ಅಸಿಸ್ಟೆನ್ಸ್ ಸ್ಮಶಾನದಲ್ಲಿ ಆಂಡರ್ಸನ್ ಒಬ್ಬನೇ.

ಇನ್ನು ಆ ಅಂತ್ಯ. ಸ್ನಾನದ ಊರಿನಲ್ಲಿ ಒಬ್ಬ ರಾಜಕುಮಾರಿ ಇದ್ದಾಳೆ, ಅವಳ ಕಾಯಿಲೆ ‘ಅತಿಯಾಗಿ ಸ್ಪಷ್ಟವಾಗಿ ಕಾಣುವುದು’. ಬಂದವನಿಗೆ ನೆರಳಿಲ್ಲ ಎಂದು ಕಂಡುಹಿಡಿಯುವ ಅವಳೇ, ‘ಇಗೋ ನನ್ನ ನೆರಳು, ಅದಕ್ಕೆ ಮನುಷ್ಯನ ವೇಷ ಹಾಕಿಸಿದ್ದೇನೆ’ ಎಂದು ನೆರಳು ಪಂಡಿತನನ್ನು ತೋರಿಸಿದಾಗ ನಂಬಿಬಿಡುತ್ತಾಳೆ. ಅವಳು ಕೇಳಿದ ಕಠಿಣ ಪ್ರಶ್ನೆಗೆ ನೆರಳಿಗೆ ಉತ್ತರ ಗೊತ್ತಿಲ್ಲ. ‘ಇದು ನನ್ನ ನೆರಳಿಗೂ ಗೊತ್ತು, ಅದನ್ನೇ ಕೇಳಿ’ ಎನ್ನುತ್ತದೆ. ಪಂಡಿತ ಜಾಣತನದಿಂದ ಉತ್ತರಿಸುತ್ತಾನೆ. ನೆರಳೇ ಇಷ್ಟು ಜಾಣನಾದರೆ ಒಡೆಯ ಇನ್ನೆಂಥವನಿರಬೇಡ ಎಂದು ರಾಜಕುಮಾರಿ ಮದುವೆಗೆ ಒಪ್ಪುತ್ತಾಳೆ! ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು. ಕಚೇರಿಗಳಲ್ಲಿ ಇದನ್ನು ಕಂಡವರಿಗೆ ವ್ಯಾಖ್ಯಾನ ಬೇಡ.

ಮದುವೆಗೆ ಮುಂಚೆ ನೆರಳು ಪಂಡಿತನಿಗೆ ಒಂದು ಒಪ್ಪಂದ ನೀಡುತ್ತದೆ: ಅರಮನೆಯಲ್ಲಿ ವಾಸ, ವರ್ಷಕ್ಕೆ 1,00,000 ರಿಕ್ಸ್‌ಡೇಲರ್ (ಅಂದಿನ ಡೇನಿಷ್ ನಾಣ್ಯ), ಬದಲಿಗೆ ಎಲ್ಲರಿಂದ ‘ನೆರಳು’ ಎನಿಸಿಕೊಳ್ಳಬೇಕು, ಎಂದೂ ಮನುಷ್ಯನಾಗಿದ್ದೆ ಎನ್ನಬಾರದು, ವರ್ಷಕ್ಕೊಮ್ಮೆ ಬಿಸಿಲಿನಲ್ಲಿ ಬಾಲ್ಕನಿಗೆ ಬಂದಾಗ ಕಾಲಬುಡದಲ್ಲಿ ಮಲಗಬೇಕು. ಪಂಡಿತ ಇಲ್ಲಿ ಮೊದಲ ಸಲ ತಿರುಗಿ ನಿಲ್ಲುತ್ತಾನೆ. ಎಲ್ಲವನ್ನೂ ಹೇಳಿಬಿಡುತ್ತೇನೆ ಎನ್ನುತ್ತಾನೆ. ಯಾರೂ ನಂಬುವುದಿಲ್ಲ ಎಂದು ನೆರಳು ಕಾವಲುಗಾರರನ್ನು ಕರೆಯುತ್ತದೆ. ಆಮೇಲೆ ರಾಜಕುಮಾರಿಯ ಬಳಿ ಹೋಗಿ, ನನ್ನ ನೆರಳಿಗೆ ಹುಚ್ಚು ಹಿಡಿದಿದೆ, ತಾನೇ ಮನುಷ್ಯ ಎಂದುಕೊಂಡಿದೆ ಎಂದು ನಡುಗುತ್ತಾ ಹೇಳುತ್ತದೆ. ಪಾಪ, ಅದಕ್ಕಿರುವ ಚೂರು ಜೀವದಿಂದ ಬಿಡುಗಡೆ ಕೊಡುವುದೇ ಪುಣ್ಯ ಎನ್ನುತ್ತಾಳೆ ಅವಳು. ನಿಷ್ಠಾವಂತ ಆಳಾಗಿದ್ದ, ಕಷ್ಟವೇ ಸರಿ ಎಂದು ನೆರಳು ನಿಟ್ಟುಸಿರಿನಂಥದ್ದೊಂದನ್ನು ಬಿಡುತ್ತದೆ. ‘ಎಂಥ ಉದಾತ್ತ ಮನಸ್ಸು ನಿಮ್ಮದು!’ ಎನ್ನುತ್ತಾಳೆ ರಾಜಕುಮಾರಿ.

ರಾತ್ರಿ ಊರೆಲ್ಲ ದೀಪ, ತೋಪಿನ ಸದ್ದು, ಸೈನಿಕರ ವಂದನೆ. ವಧೂವರರು ಬಾಲ್ಕನಿಗೆ ಬಂದು ಇನ್ನೊಂದು ಜಯಕಾರ ಕೇಳಿಸಿಕೊಳ್ಳುತ್ತಾರೆ. ಪಂಡಿತನಿಗೆ ಇದಾವುದೂ ಕೇಳಿಸಲಿಲ್ಲ, ಏಕೆಂದರೆ ಅವನ ಜೀವ ತೆಗೆದಿದ್ದರು. ಡೇನಿಷ್ ವಾಕ್ಯದಲ್ಲಿ ‘ಅವರು’ ಎಂಬ ಕರ್ತೃ ಇದೆ, ಯಾರು ಎಂದು ಹೇಳಿಲ್ಲ. ಕನ್ನಡದಲ್ಲಿ ಅಷ್ಟೂ ಬೇಡ, ‘ತೆಗೆದಿದ್ದರು’ ಎಂಬ ಕ್ರಿಯಾಪದವೇ ಸಾಕು. ಮರಣದಂಡನೆಯ ದೃಶ್ಯವಿಲ್ಲ, ಕಣ್ಣೀರಿಲ್ಲ, ಒಂದು ಉಪವಾಕ್ಯದಲ್ಲಿ ಮುಗಿಯಿತು. ‘ಬೆಂಕಿಕಡ್ಡಿ ಮಾರುವ ಹುಡುಗಿ’ ಸತ್ತಾಗ ಅವಳ ಅಜ್ಜಿ ಬಂದು ಎತ್ತಿಕೊಳ್ಳುತ್ತಾಳೆ, ಆಕಾಶ ತೆರೆಯುತ್ತದೆ. ಇಲ್ಲಿ ಆಕಾಶವೇ ಇಲ್ಲ. ಆಂಡರ್ಸನ್ನನ ದೇವರು ಈ ಒಂದು ಕಥೆಯಲ್ಲಿ ರಜೆಯ ಮೇಲಿದ್ದಾನೆ.

ಮುಂದೆ ಇದನ್ನು ಕೈಗೆತ್ತಿಕೊಂಡವರು ಎಲ್ಲರೂ ದೊಡ್ಡವರ ಕಥೆಯಾಗಿಯೇ ಓದಿದರು. ಸೋವಿಯತ್ ನಾಟಕಕಾರ ಯೆವ್ಗೆನಿ ಶ್ವಾರ್ಟ್ಸ್ 1940ರಲ್ಲಿ ಇದನ್ನು ನಾಟಕ ಮಾಡಿದ. ಸ್ಟಾಲಿನ್ ಕಾಲದ ಲೆನಿನ್‌ಗ್ರಾಡಿನಲ್ಲಿ, ನೆರಳು ಗದ್ದುಗೆ ಏರುವ ಕಥೆ. 2016ರಲ್ಲಿ ಓಡೆನ್ಸೆಯಲ್ಲಿ ಆಂಡರ್ಸನ್ ಹೆಸರಿನ ಸಾಹಿತ್ಯ ಪ್ರಶಸ್ತಿ ಪಡೆದ ಜಪಾನಿನ ಹರುಕಿ ಮುರಕಾಮಿ ತನ್ನ ಭಾಷಣಕ್ಕೆ ಆರಿಸಿಕೊಂಡದ್ದೂ ಇದೇ ಕಥೆಯನ್ನು.

ಕನ್ನಡಕ್ಕೆ ಇದನ್ನು ತರುವವರಿಗೆ ಎರಡು ಮಾತು. ನೆರಳು ನಮ್ಮಲ್ಲಿ ನಪುಂಸಕಲಿಂಗ. ಅದು ‘ಅದು’ ಆಗಿದ್ದದ್ದು ಯಾವ ಸಾಲಿನಲ್ಲಿ ‘ಅವನು’ ಆಗಬೇಕು, ಯಾವ ಸಾಲಿನಲ್ಲಿ ‘ಅವರು’ ಆಗಬೇಕು, ಅನುವಾದಕರು ನಿರ್ಧರಿಸಲೇಬೇಕು; ನಾನು ಈ ಉತ್ತರದ ಉದ್ದಕ್ಕೂ ‘ಅದು’ ಎಂದೇ ಹಟ ಹಿಡಿದದ್ದನ್ನು ನೀವು ಗಮನಿಸಿರಬಹುದು. ಎರಡನೆಯದಾಗಿ, ಬಿಸಿಲುನಾಡಿನ ನಮಗೆ ನೆರಳು ಎಂದರೆ ತಂಪು, ಆಸರೆ. ‘ಅವರ ನೆರಳಿನಲ್ಲಿ ಬೆಳೆದವನು’ ಎಂದರೆ ಹೊಗಳಿಕೆ. ಆ ಶೀರ್ಷಿಕೆ ಕನ್ನಡದಲ್ಲಿ ಮೊದಲ ಪುಟದವರೆಗೆ ಓದುಗರನ್ನು ಹಾಯಾಗಿಯೇ ಕೂರಿಸುತ್ತದೆ. ಅದನ್ನು ಬದಲಿಸಬೇಡಿ.

ನಿಮ್ಮ ಮಗಳ ವಿಷಯ. ಕಥೆಯನ್ನು ಬಚ್ಚಿಡಬೇಡಿ, ಅಂತ್ಯವನ್ನು ತಿದ್ದಿಯೂ ಹೇಳಬೇಡಿ. ಇನ್ನೊಂದು ಸಂಜೆ ಪುಸ್ತಕ ಪಕ್ಕಕ್ಕಿಟ್ಟು ಕನ್ನಡದಲ್ಲಿ, ನಿಮ್ಮ ಮಾತಿನಲ್ಲಿ ಹೇಳಿ. ನೆರಳು ‘ನನಗೆ ನೀವು ಎನ್ನಿ’ ಎನ್ನುವ ಜಾಗದಲ್ಲಿ ಸ್ವಲ್ಪ ನಿಲ್ಲಿಸಿ, ಅವಳ ಮುಖ ನೋಡಿ. ಮತ್ತೆ ಪುಟ ಹುಡುಕಿ ಎಂದು ಅವಳು ಕೇಳಿದರೆ ನನಗೆ ಬರೆಯಿರಿ.